ಶಾಕಣ್ಣನ ಬಲಗೈ

ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಆ ಹೆಸರು ಹೇಳಿ ವಿಚಾರಿಸಿದರೆ ಬೀದಿಯಲ್ಲಿ ಯಾರೂ ಮನೆ ತೋರಿಸುತ್ತಿರಲಿಲ್ಲ. ಶಾಕಣ್ಣ ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ಭಾವನ ಮೋಟಾರ್ ಸೈಕಲ್ ರಿಪೇರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಒಂದೇ ಕೆಲಸ. ಹಳೇ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದು ಯಾರಾದರೂ ತಳ್ಳಿಕೊಂಡು ಬಂದರೆ, ಪ್ಲಗ್ಗಿನ ವೈರು ಕಳಚಿ ಅದರ ತುದಿಯನ್ನು ಬಲಗೈಯಲ್ಲಿ ಹಿಡಿದುಕೊಳ್ಳುವುದು. ಭಾವ ಕಿಕ್ ಹೊಡೆಯುತ್ತಿದ್ದ, ಇವನು ಎಗರಿ ಬೀಳುತ್ತಿದ್ದ, ಸುತ್ತ ನಿಂತ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಗೆ ನಕ್ಕವರು ಗಾಡಿ ತಡವಾದರೂ ಗಲಾಟೆ ಮಾಡುವುದಿಲ್ಲವೆಂದು ಭಾವ ಲೆಕ್ಕ ಹಾಕಿದ್ದ.

ನಗುವವರಿಗೆ ತಿಳಿಯದ ಸಂಗತಿಯೆಂದರೆ, ಆ ಏಟಿನಲ್ಲೇ ಶಾಕಣ್ಣನಿಗೆ ಗಾಡಿಯ ರೋಗ ಗೊತ್ತಾಗುತ್ತಿತ್ತು. ಭುಜದವರೆಗೂ ಹೊಡೆದರೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ ಗಟ್ಟಿಮುಟ್ಟಾಗಿದೆ, ತಪ್ಪು ಪ್ಲಗ್ಗಿನದು. ಮೊಣಕೈಗೇ ನಿಂತರೆ ಕಾಯಿಲ್ ಸೋತಿದೆ. ಬೆರಳ ತುದಿಯಲ್ಲಿ ಜುಮ್ಮೆಂದು ಮುಗಿದರೆ ಕಂಡೆನ್ಸರ್ ಹೋಗಿದೆ. ಒಮ್ಮೆ ಹೊಡೆದು ಒಮ್ಮೆ ಸುಮ್ಮನಾದರೆ ಪಾಯಿಂಟಿಗೆ ಮಸಿ ಹಿಡಿದಿದೆ. ಅವನು ಭಾವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಭಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ತಾನೇ ತಲೆ ಓಡಿಸಿದವನಂತೆ ಗಿರಾಕಿಗೆ ಹೇಳುತ್ತಿದ್ದ. ಇದರಲ್ಲಿ ಅನ್ಯಾಯವಿದೆ ಎಂದು ಶಾಕಣ್ಣನಿಗೆ ಯಾವತ್ತೂ ಅನ್ನಿಸಲಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಅಕ್ಕ ಬಡಿಸಿದ್ದನ್ನು ಉಣ್ಣುತ್ತಿದ್ದ. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಹೆಣ್ಣಿನ ಕಡೆಯವರು ಅಂಗಡಿಗೆ ಕಾಲಿಟ್ಟ ಹೊತ್ತಿಗೆ ಅವನು ವೈರು ಹಿಡಿದು ಕುಣಿಯುತ್ತಿದ್ದ. ಮೂರನೆಯ ಸಲ ಯಾರೂ ಬರಲಿಲ್ಲ.

ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ವೈರು ಬಿಟ್ಟ ಮೇಲೂ ಅವನ ಎದೆ ಕುಣಿಯುವುದನ್ನು ಬಿಡಲಿಲ್ಲ. ಬಡಿತ ತಪ್ಪುತ್ತಿದೆ, ಇನ್ನೊಂದು ಏಟು ಬಿದ್ದರೆ ನಿಂತೇ ಹೋದೀತು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅದನ್ನು ಅವನು ನೇರವಾಗಿ ಅಕ್ಕನ ಕೈಗೆ ಕೊಟ್ಟ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಅತ್ತುಬಿಡುತ್ತಾಳೆಂದುಕೊಂಡು ಸಮಾಧಾನದ ನಾಲ್ಕು ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಪಾಪ.

ಅವಳು ಚೀಟಿ ಓದಿ ಮಡಚಿದಳು. "ಹಾಗಾದ್ರೆ ಇನ್ನು ಅಂಗಡೀಲಿ ನೀನು ಏನು ಮಾಡ್ತೀಯ?" ಎಂದಳು.

ಮರುದಿನವೇ ಭಾವ ಕರೆಂಟು ಅಳೆಯುವ ಒಂದು ಮೀಟರ್ ತಂದ. ಶಾಕಣ್ಣನ ಪಾಲಿಗೆ ಕಸ ಗುಡಿಸುವುದು, ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುವುದು ಬಂತು. ಮನೆಯಲ್ಲಿ ಅವನನ್ನು ಊಟಕ್ಕೆ ಕರೆಯುವುದು ನಿಂತಿತು. ತಾನೇ ಹೋಗಿ ಕೂತರೆ ತಟ್ಟೆ ಬರುತ್ತಿತ್ತು, ತಡವಾಗಿ. ಇವರಿಗೆ ಬೇಕಿರುವುದು ತಾನೋ ತನ್ನ ಕೈಯೋ ಎಂಬ ಭಯ ಅವನನ್ನು ಆಗಲೇ ಹಿಡಿದದ್ದು.

ಹೀಗಿರುವಾಗ ನಿವೃತ್ತ ಪೋಸ್ಟ್‌ಮನ್ ಒಬ್ಬರ ಹಳೇ ಗಾಡಿ ಬಂತು. ನಾಲ್ಕು ಮೈಲಿ ಓಡಿ ನಿಲ್ಲುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತಿತ್ತು. ಅಂಗಡಿಯಲ್ಲಿ ಮೀಟರ್ ಇಟ್ಟರೆ ಎಲ್ಲ ಸರಿಯಾಗಿಯೇ ಇತ್ತು. ಭಾವ ಪ್ಲಗ್ ಬದಲಾಯಿಸಿದ, ಪಾಯಿಂಟ್ ಬದಲಾಯಿಸಿದ, ಕಂಡೆನ್ಸರ್ ಬದಲಾಯಿಸಿದ. ಮೂರನೆಯ ಸಲವೂ ಗಾಡಿ ತಳ್ಳಿಕೊಂಡು ಬಂದ ಪೋಸ್ಟ್‌ಮನ್ ಬೆವರು ಒರೆಸಿಕೊಂಡು, ಆ ಮೀಟರನ್ನು ಗುಜರಿಗೆ ಹಾಕಿ ಮೊದಲಿನ ಹಾಗೆ ಈ ಮನುಷ್ಯನ ಕೈಗೇ ವೈರು ಕೊಡಬಾರದೇ ಎಂದರು. ಅಂಗಡಿ ತುಂಬಾ ನಗು. ಭಾವ ನಗಲಿಲ್ಲ. ಶಾಕಣ್ಣನನ್ನೇ ನೋಡುತ್ತಾ ನಿಂತ.

ಶಾಕಣ್ಣ ಕೈ ಒರೆಸಿಕೊಂಡು, ತಾನು ಗಾಡಿಯ ಹಿಂದೆ ಕೂತು ಹೋಗಿಬರುತ್ತೇನೆ ಎಂದ. ಒಂದು ಬಾಟಲಿ ನೀರು, ಒಂದು ಬಟ್ಟೆಚೂರು ತೆಗೆದುಕೊಂಡ. ನಾಲ್ಕನೆಯ ಮೈಲಿಯಲ್ಲಿ ಗಾಡಿ ನಿಂತಿತು. ಟ್ಯಾಂಕಿನ ಕೆಳಗಿದ್ದ ಕಾಯಿಲ್ ಮುಟ್ಟಲಾಗದಷ್ಟು ಕಾದಿತ್ತು. ಒದ್ದೆ ಬಟ್ಟೆಯನ್ನು ಅದೊಂದಕ್ಕೇ ಸುತ್ತಿ, ಮೇಲೆ ನೀರು ಚಿಮುಕಿಸುತ್ತಾ ಐದು ನಿಮಿಷ ಕಾದ. ಪೋಸ್ಟ್‌ಮನ್ ಕಿಕ್ ಹೊಡೆದರು, ಗಾಡಿ ಹೊರಟಿತು. ಇಂಜಿನ್ ಇನ್ನೂ ಕಾದೇ ಇತ್ತು, ತಣ್ಣಗಾಗಿದ್ದದ್ದು ಕಾಯಿಲ್ ಒಂದೇ. ಅಂದರೆ ಕಾದಾಗ ಅದರೊಳಗಿನ ತಂತಿಯ ಸುತ್ತು ಬಿಟ್ಟುಕೊಳ್ಳುತ್ತಿದೆ, ತಣ್ಣಗಾದರೆ ಕೂಡಿಕೊಳ್ಳುತ್ತಿದೆ. ಹುಟ್ಟಿದ ಮೇಲೆ ಮೊದಲ ಸಲ ಅವನು ನೋವಿಲ್ಲದೆ ಒಂದು ಗಾಡಿಯ ರೋಗ ಕಂಡುಹಿಡಿದಿದ್ದ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತು ಹಾಡಿದ, ಅಪಸ್ವರದಲ್ಲಿ.

ಹೊಸ ಕಾಯಿಲ್ ಹಾಕಿದ ಮೇಲೆ ಗಾಡಿ ಮತ್ತೆ ನಿಲ್ಲಲಿಲ್ಲ. ಭಾವ ಅವತ್ತು ಸಂಜೆ ಒಂದು ನೋಟ್‌ಬುಕ್ ಹಿಡಿದು ಶಾಕಣ್ಣನ ಪಕ್ಕ ಬಂದು ಕೂತ. ಇನ್ನೇನೇನು ಗೊತ್ತು ನಿನಗೆ ಎಂದು ಕೇಳಿದ. ಏಳು ದಿನ ಕೇಳಿದ. ಅಕ್ಕ ತಾನೇ ಕರೆದು ಬಡಿಸಿದಳು, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದಳು. ಇಪ್ಪತ್ತೆರಡು ವರ್ಷ ಯಾರೂ ಕೇಳದ್ದನ್ನು ಶಾಕಣ್ಣ ಬಾಯಿತುಂಬಾ ಹೇಳಿದ. ಯಾವ ಗಾಡಿಯ ವೈರು ಹ್ಯಾಂಡಲಿನ ಕೆಳಗೆ ಎಲ್ಲಿ ಉಜ್ಜಿ ಸವೆಯುತ್ತದೆ, ಮಳೆಯಲ್ಲಿ ನಿಲ್ಲುವ ಗಾಡಿಗೆ ಮೊದಲು ಎಲ್ಲಿ ನೋಡಬೇಕು, ಎಲ್ಲವನ್ನೂ. ಭಾವ ಬರೆಯುವುದು ಹಿಂದೆ ಬಿದ್ದರೆ ತಾನೇ ತಡೆದು ನಿಧಾನವಾಗಿ ಮತ್ತೊಮ್ಮೆ ಹೇಳಿದ. ಪೆದ್ದ.

ಎಂಟನೆಯ ದಿನ ಅವನು ಹಿಂದಿನ ಕೋಣೆಗೆ ಬಂದಾಗ ಅಕ್ಕ ಅವನ ಹಾಸಿಗೆ ಸುತ್ತುತ್ತಿದ್ದಳು. ಅಂಗಡಿಯ ಸಾಮಾನು ಇಡಲು ಭಾವನಿಗೆ ಜಾಗ ಬೇಕಂತೆ, ಎಲ್ಲಾದರೂ ಒಂದು ಕೋಣೆ ನೋಡಿಕೊಳ್ಳಬೇಕಂತೆ. ಎಲ್ಲ ಅಂತೆಯಲ್ಲೇ ಹೇಳಿದಳು.

ಶಾಕಣ್ಣ ಹಾಸಿಗೆಯ ತುದಿ ಹಿಡಿದುಕೊಂಡ. "ಅಕ್ಕಾ, ನಾನು ಮತ್ತೆ ವೈರು ಹಿಡೀತೀನಿ. ಏನಾದ್ರೂ ಆಗ್ಲಿ. ಭಾವನಿಗೆ ಹೇಳು."

"ಬೇಡಪ್ಪ," ಎಂದಳು ಅಕ್ಕ, ಹಾಸಿಗೆಗೆ ಹಗ್ಗ ಬಿಗಿಯುತ್ತಾ. "ಅಂಗಡೀಲೇ ಏನಾದ್ರೂ ಆಗಿಹೋದ್ರೆ ಗಿರಾಕಿಗಳು ಬರಲ್ಲ."