ಯಾವ ಚಕ್ರ ಮೊದಲು ನಿಂತಿತು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗಿರಾಕಿಗಳಿಗೆ, ಎದುರಿನ ಟಯರ್ ಅಂಗಡಿಯವನಿಗೆ, ಕೊನೆಗೆ ಅಂಚೆಯವನಿಗೂ ಅವಳು ಬ್ರೇಕಕ್ಕ. ವಯಸ್ಸು ಐವತ್ತೊಂದು. ಅಪ್ಪನ ಶೆಡ್ಡಿನಲ್ಲಿ ಕೆಲಸ ಕಲಿತವಳು, ಅಪ್ಪನ ನಂತರ ಅದೇ ಶೆಡ್ಡನ್ನು ನಡೆಸಿಕೊಂಡು ಬಂದವಳು. ಎಂಜಿನ್ ಮುಟ್ಟುತ್ತಿರಲಿಲ್ಲ, ಗೇರ್ ಬಾಕ್ಸ್ ಮುಟ್ಟುತ್ತಿರಲಿಲ್ಲ. "ಓಡ್ಸೋಕೆ ನೂರು ಜನ ಇದ್ದಾರೆ, ನಿಲ್ಸೋಕೆ ನಾನೊಬ್ಳು ಸಾಕು" ಎನ್ನುತ್ತಿದ್ದಳು. ಮೊದಲೆಲ್ಲ ಈ ಮಾತನ್ನು ನಗುತ್ತ ಹೇಳುತ್ತಿದ್ದಳು.

ಆರು ತಿಂಗಳ ಹಿಂದೆ ಅವಳ ಗಂಡ ಮನೆ ಬಿಟ್ಟು ಹೋಗಿದ್ದ. ಜಗಳವೇನೂ ಆಗಿರಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಟೀ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬೇರೆ ಊರಿನಲ್ಲಿ ತನಗೊಬ್ಬಳಿದ್ದಾಳೆ, ಇನ್ನು ಅಲ್ಲೇ ಇರುತ್ತೇನೆ ಎಂದ. "ಎಷ್ಟೊತ್ತಿನ ಬಸ್ಸು?" ಎಂದು ಅವಳು ಕೇಳಿದಳು. ಆ ಪ್ರಶ್ನೆ ಬಾಯಿಗೆ ಯಾಕೆ ಬಂತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. "ಹತ್ತೂವರೆ" ಎಂದ. ಬ್ಯಾಗು ಮೊದಲೇ ಸಿದ್ಧವಾಗಿತ್ತು.

ಮನೆಯಲ್ಲಿ ಉಳಿದವರು ಇಬ್ಬರು, ಅವಳು ಮತ್ತು ಗಂಡನ ತಾಯಿ. ಅತ್ತೆಗೆ ಎಪ್ಪತ್ತೇಳು. ಅವತ್ತು ಬಾಗಿಲು ಹಾಕಿಕೊಂಡು ಬಂದು ಕೇಳಿದ್ದು ಒಂದೇ ಮಾತು: "ಮಧ್ಯಾಹ್ನಕ್ಕೆ ಎಷ್ಟು ಜನಕ್ಕೆ ಅಡುಗೆ ಮಾಡ್ಲಿ?" "ಇಬ್ಬರಿಗೆ" ಎಂದಳು ಸೊಸೆ. ಅಲ್ಲಿಗೆ ಆ ವಿಷಯ ಮುಗಿಯಿತು. ಇಬ್ಬರೂ ಅಳಲಿಲ್ಲ, ಇಬ್ಬರೂ ಅವನ ಸುದ್ದಿ ಎತ್ತಲಿಲ್ಲ. ನೆರೆಹೊರೆಯವರು ಸಮಾಧಾನ ಹೇಳಲು ಬಂದು, ಹೇಳುವುದಕ್ಕೆ ಏನೂ ಸಿಗದೆ, ಟೀ ಕುಡಿದು ಎದ್ದು ಹೋದರು. ಬ್ರೇಕಕ್ಕ ಹೊತ್ತಿಗೆ ಸರಿಯಾಗಿ ಉಂಡಳು, ಮಲಗಿದಳು, ಶೆಡ್ಡು ತೆರೆದಳು. ಒಮ್ಮೆ ಸ್ಪ್ಯಾನರ್ ಜಾರಿ ಹೆಬ್ಬೆರಳು ಸೀಳಿತ್ತು. ನೆಲದ ಮೇಲೆ ಕೆಂಪು ಹನಿ ಕಂಡ ಮೇಲೆಯೇ ಅವಳಿಗೆ ಅದು ಗೊತ್ತಾದದ್ದು.

ಹೀಗಿರುವಾಗ ಹಲ್ಲಿನ ಡಾಕ್ಟರು ತಮ್ಮ ಕಾರು ತಂದರು. ನಲವತ್ತು ವರ್ಷ ಹಳೆಯ ಕಾರು, ಇಬ್ಬರಿಗೆ ಮಾತ್ರ ಸೀಟು, ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಹಸಿರು ಬಣ್ಣ. ನಿವೃತ್ತರಾದ ಮೇಲೆ ಆಸೆಪಟ್ಟು ಕೊಂಡಿದ್ದರು. ಇಳಿಯಬೇಕಾದರೆ ಮೊದಲು ಕಾಲು ಹೊರಗಿಟ್ಟು, ಬಾಗಿಲು ಹಿಡಿದು, ದೇವರೇ ಎನ್ನಬೇಕಿತ್ತು.

"ಮೊನ್ನೆ ಮಳೇಲಿ ತಿರುವಲ್ಲಿ ಬ್ರೇಕ್ ಹಾಕಿದೆ ಕಣಮ್ಮ" ಎಂದರು. "ಕಣ್ಣು ಬಿಟ್ಟು ನೋಡಿದ್ರೆ ಬಂದ ದಾರಿಗೇ ಮುಖ ಮಾಡಿ ನಿಂತಿದ್ದೀನಿ. ನನ್ನ ಹೆಂಡ್ತಿ ಆವತ್ತಿಂದ ಇದರಲ್ಲಿ ಕೂರಲ್ಲ ಅಂತಾಳೆ."

ಬ್ರೇಕಕ್ಕ ನಾಲ್ಕೂ ಚಕ್ರ ಬಿಚ್ಚಿ ನೋಡಿದಳು. ಹಿಂದಿನ ಮಾಲೀಕ ಯಾರೋ ಹಿಂಬದಿಯ ಡ್ರಮ್ ಬ್ರೇಕು ಕಿತ್ತು, ಇನ್ನೂ ಜೋರಾಗಿ ಹಿಡಿಯುವ ದೊಡ್ಡ ಡಿಸ್ಕ್ ಬ್ರೇಕು ಹಾಕಿಸಿದ್ದ. ಹಿಂದಿನ ಚಕ್ರಗಳಿಗೆ ಹೋಗುವ ಪೈಪಿಗೆ ಒತ್ತಡ ತಗ್ಗಿಸುವ ಒಂದು ವಾಲ್ವನ್ನೂ ಕೂರಿಸಿದ್ದ. ಆದರೆ ಅದನ್ನು ಪೂರ್ತಿ ತೆರೆದು ಬಿಟ್ಟಿದ್ದ.

"ಬ್ರೇಕ್ ಹಾಕಿದಾಗ ಭಾರ ಎಲ್ಲ ಮುಂದಕ್ಕೆ ವಾಲುತ್ತೆ ಡಾಕ್ಟ್ರೇ, ಹಿಂದೆ ಹಗುರ ಆಗುತ್ತೆ. ಆ ಹಗುರದ ಚಕ್ರಕ್ಕೆ ಇಷ್ಟು ಬ್ರೇಕ್ ಕೊಟ್ರೆ ಅದು ಮೊದಲು ಬಿಗಿದು ಜಾರುತ್ತೆ. ಬಾಲ ತಲೆಗಿಂತ ಮುಂದೆ ಬರುತ್ತೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ಅದೇ ಕತೆ."

"ಸರಿ ಹೋಗುತ್ತಾ?"

"ಹೋಗುತ್ತೆ. ಮುಂದಿನದು ಒಂದು ಕೂದಲೆಳೆಯಷ್ಟು ಮೊದಲು ಬಿಗೀಬೇಕು. ಅಷ್ಟಕ್ಕೆ ತರಬೇಕು."

ಎರಡು ದಿನ ಶೆಡ್ಡಿನ ಕೆಲಸವೇ ಆಯಿತು. ಹಳೆಯ ಎಣ್ಣೆ ಬಸಿದಳು, ಪೈಪಿನೊಳಗಿನ ಗಾಳಿ ತೆಗೆದಳು, ಪ್ಯಾಡು ಬದಲಾಯಿಸಿದಳು, ಟಯರುಗಳ ಗಾಳಿ ಅಳೆದು ಸಮ ಮಾಡಿದಳು. ಉಳಿದದ್ದು ಓಡಿಸಿ ನೋಡುವ ಕೆಲಸ. ಅದಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸಿ ಬ್ರೇಕ್ ಒತ್ತಬೇಕು, ಇನ್ನೊಬ್ಬರು ಹೊರಗೆ ನಿಂತು ಯಾವ ಚಕ್ರ ಮೊದಲು ನಿಂತಿತು ಎಂದು ನೋಡಿ ಹೇಳಬೇಕು. ಇಪ್ಪತ್ತನಾಲ್ಕು ವರ್ಷ ಹಾಗೆ ನಿಂತು ನೋಡಿದವನು ಅವಳ ಗಂಡ.

ಶುಕ್ರವಾರ ಊಟದ ಹೊತ್ತಿನಲ್ಲಿ ಅವಳು ಈ ತೊಡಕನ್ನು ಹೇಳಿದಳು. ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ನಾನು ಬರ್ತೀನಿ" ಎಂದರು.

"ಓಡ್ತಿರೋ ಗಾಡಿದು ಚಕ್ರ ನಿಂತಿದ್ದು ನಿಮಗೆ ಕಾಣುತ್ತಾ ಅತ್ತೆ?"

"ಸೊಸೆ ಮುಖ ಊದಿಸ್ಕೊಂಡಿದ್ದು ಅಡುಗೆಮನೆ ಗೋಡೆ ಆಚೆಯಿಂದ ಕಾಣ್ತಿತ್ತು. ಚಕ್ರ ಕಾಣಲ್ವಾ? ಕಣ್ಣು ಆಪರೇಷನ್ ಆದ್ಮೇಲೆ ಸೂಜಿಗೆ ದಾರ ನಾನೇ ಪೋಣಿಸ್ತೀನಿ."

ಶನಿವಾರ ಬೆಳಿಗ್ಗೆ ಬ್ರೇಕಕ್ಕ ಟಯರುಗಳ ಪಕ್ಕಕ್ಕೆ ಸೀಮೆಸುಣ್ಣದಿಂದ ದಪ್ಪ ಗೀಟು ಎಳೆಯುತ್ತಿದ್ದಳು. ಚಕ್ರ ತಿರುಗುವಾಗ ಗೀಟು ಮಸುಕಾಗುತ್ತದೆ, ನಿಂತಾಗ ಎದ್ದು ಕಾಣುತ್ತದೆ. ಅತ್ತೆ ಮಡಚುವ ಸ್ಟೂಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಆಗ ಗಂಡ ಬಂದ.

ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮೇಲಿನ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಅವಳು ಗುಂಡಿಯನ್ನು ನೋಡಿದಳು, ಮತ್ತೆ ಗೀಟಿಗೆ ಬಾಗಿದಳು. ಎದೆ ಡವಗುಟ್ಟಬೇಕಿತ್ತು ಎಂದು ಅನ್ನಿಸಿತು. ಡವಗುಟ್ಟಲಿಲ್ಲ.

"ಅಮ್ಮ, ನಿನ್ನ ಕರ್ಕೊಂಡು ಹೋಗೋಕೆ ಬಂದೆ" ಎಂದ ಅವನು. "ಅಲ್ಲಿ ನಿನಗೇ ಅಂತ ಒಂದು ರೂಮಿದೆ. ಒಳ್ಳೆ ಬಿಸಿಲು ಬರುತ್ತೆ."

"ಇವತ್ತಾಗಲ್ಲ ಕಣೋ. ಕೆಲಸ ಇದೆ."

"ನಿನಗೇನಮ್ಮ ಕೆಲಸ?"

"ಚಕ್ರ ನೋಡೋದು. ಮಾಡ್ತಿದ್ದವರು ಬಿಟ್ಟು ಹೋದ್ರು, ಜಾಗ ಖಾಲಿ ಇತ್ತು."

ಅವನು ಕಾರಿನ ಕಡೆ ನೋಡಿದ. ಬಾನೆಟ್ ತೆರೆದಿತ್ತು, ವಾಲ್ವು ಕಾಣುತ್ತಿತ್ತು. ಹಳೆಯ ಅಭ್ಯಾಸ, ಬಾಯಿ ತಡೆಯಲಿಲ್ಲ: "ಮೊದಲು ಪೂರ್ತಿ ಮುಚ್ಚಿ ಶುರು ಮಾಡು."

"ಗೊತ್ತು" ಎಂದಳು ಬ್ರೇಕಕ್ಕ.

ಆರು ತಿಂಗಳ ನಂತರ ಗಂಡ ಹೆಂಡತಿ ಆಡಿದ ಮಾತು ಅಷ್ಟೇ. ಅವನು ತಾಯಿಗೆ ಫೋನ್ ಮಾಡುತ್ತೇನೆಂದು ಹೇಳಿ ಹೊರಟ.

ಊರಾಚೆ ಮುಚ್ಚಿದ ಕಾರ್ಖಾನೆಯೊಂದಿತ್ತು. ಅದರ ಲಾರಿ ನಿಲ್ಲಿಸುವ ಅಂಗಳ ಸಿಮೆಂಟಿನದು, ಉದ್ದ ಮತ್ತು ಮಟ್ಟಸ. ಕಾವಲುಗಾರ ಪರಿಚಿತ, ಗೇಟು ತೆಗೆದ. ಅತ್ತೆ ಬದಿಯ ಕಟ್ಟೆಯ ಮೇಲೆ ಸ್ಟೂಲು ಹಾಕಿ, ತಲೆಗೆ ಟವೆಲ್ಲು ಸುತ್ತಿ, ಕ್ರಿಕೆಟ್ ಅಂಪೈರಿನ ಹಾಗೆ ಕೂತರು.

ಮೊದಲ ಸಲ ವಾಲ್ವು ಪೂರ್ತಿ ಮುಚ್ಚಿತ್ತು. ಬ್ರೇಕಕ್ಕ ಐವತ್ತರ ವೇಗಕ್ಕೆ ಬಂದು ಪೆಡಲು ಒತ್ತಿದಳು. ಕಾರು ಕಿರುಚುತ್ತ ನೇರವಾಗಿ ಹೋಗಿ ನಿಂತಿತು.

"ಮುಂದಿನದು!" ಎಂದು ಕೂಗಿದರು ಅತ್ತೆ. "ಹಿಂದಿನದು ಸುಮ್ನೆ ತಿರುಗ್ತಾನೇ ಇತ್ತು, ಮನೆ ಅಳಿಯನ ಹಾಗೆ!"

ಅವಳು ಇಳಿದು, ವಾಲ್ವನ್ನು ಅರ್ಧ ಸುತ್ತು ತೆರೆದಳು. ಮತ್ತೆ ಓಡಿಸಿದಳು. ಮುಂದಿನದು. ಇನ್ನರ್ಧ ಸುತ್ತು. ಮುಂದಿನದೇ, ಆದರೆ ಈ ಸಲ ಕಾರು ಎರಡು ಮಾರು ಮೊದಲೇ ನಿಂತಿತು. ನಾಲ್ಕನೆಯ ಸಲ ಪೂರ್ತಿ ಒಂದು ಸುತ್ತು ತೆರೆದಳು. ಪೆಡಲು ಒತ್ತಿದ್ದೇ ತಡ ಸೀಟಿನ ಕೆಳಗಿಂದ ಏನೋ ಕಳಚಿಕೊಂಡಂತಾಯಿತು. ಕಾರ್ಖಾನೆಯ ಗೋಡೆ ಎಡದಿಂದ ಬಲಕ್ಕೆ ಸರಿಯಿತು, ಗೇಟು ಸರಿಯಿತು, ಆಕಾಶ ಸರಿಯಿತು. ಕಾರು ಒಂದು ಸುತ್ತು ತಿರುಗಿ, ಅತ್ತೆ ಕೂತ ಕಟ್ಟೆಗೆ ಹತ್ತು ಹೆಜ್ಜೆ ದೂರದಲ್ಲಿ, ಅವರಿಗೇ ಮುಖ ಮಾಡಿ ನಿಂತಿತು.

ಸುಟ್ಟ ರಬ್ಬರಿನ ವಾಸನೆ. ಬ್ರೇಕಕ್ಕ ಸ್ಟೀರಿಂಗ್ ಮೇಲಿದ್ದ ತನ್ನ ಕೈಗಳನ್ನು ನೋಡಿದಳು. ನಡುಗುತ್ತಿರಲಿಲ್ಲ. ಯಾರದೋ ಕೈ ನೋಡಿದಂತಿತ್ತು.

ಅತ್ತೆ ಎದ್ದು ನಿಧಾನಕ್ಕೆ ನಡೆದು ಬಂದು ಕಿಟಕಿಯಲ್ಲಿ ಬಗ್ಗಿದರು. ಟವೆಲ್ಲು ಕೈಯಲ್ಲಿ ಮುದ್ದೆಯಾಗಿತ್ತು.

"ಹಿಂದಿನದು ಮೊದಲು ನಿಂತಿತು" ಎಂದರು. "ಹೆದರಿದ್ಯೇನೇ?"

"ಇಲ್ಲ ಅತ್ತೆ."

"ನಾನು ಹೆದರಿದೆ."

ಅವಳು ಎಂಜಿನ್ ಆರಿಸಿದಳು.

"ಹೆದರಿಕೆ ಆಗದೆ ಇರೋರು ಗಾಡಿ ಓಡಿಸಬಾರ್ದು ಕಣೇ. ಇಳಿ. ಸ್ವಲ್ಪ ಕೂತ್ಕೋ."

ಇಬ್ಬರೂ ಕಟ್ಟೆಯ ಮೇಲೆ ಕೂತರು. ಅತ್ತೆ ನೀರಿನ ಬಾಟಲಿ ಕೊಟ್ಟರು, ಅವಳು ಕುಡಿದಳು. ಅತ್ತೆಯ ಮಂಡಿ ಕಂಪಿಸುತ್ತಿತ್ತು. ಅದು ನಿಲ್ಲುವವರೆಗೆ ಬ್ರೇಕಕ್ಕ ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ಆಮೇಲೆ ಎದ್ದು ವಾಲ್ವನ್ನು ಮುಕ್ಕಾಲು ಸುತ್ತು ಹಿಂದಕ್ಕೆ ತಂದಳು. ಮತ್ತೆ ಮೂರು ಸಲ ಓಡಿಸಿದಳು, ಒಂದು ಸಲ ನೆಲಕ್ಕೆ ನೀರು ಹಾಕಿಸಿ. ಮೂರು ಸಲವೂ ಅತ್ತೆ ಹೇಳಿದ್ದು ಒಂದೇ: ಮುಂದಿನದು, ಅದರ ಬೆನ್ನಿಗೇ ಹಿಂದಿನದು. ಅವಳು ವಾಲ್ವಿನ ನಟ್ಟು ಬಿಗಿದು, ಅದು ಅಲುಗಿದರೆ ತಿಳಿಯಲಿ ಎಂದು ಬಿಳಿ ಪೇಂಟಿನ ಚುಕ್ಕೆ ಇಟ್ಟಳು.

ವಾಪಸು ಬರುವಾಗ ಅತ್ತೆ ಪಕ್ಕದ ಸೀಟಿನಲ್ಲಿದ್ದರು.

"ಬಿಸಿಲು ಬರೋ ರೂಮಂತೆ" ಎಂದರು.

"ಹೋಗಬೇಕು ಅನ್ನಿಸಿದ್ರೆ ಹೋಗಿ ಅತ್ತೆ. ನಾನು ಬೇಡ ಅನ್ನಲ್ಲ."

"ಅನ್ನು."

"ಏನು?"

"ಬೇಡ ಅನ್ನು ಒಂದ್ಸಲ."

ಬ್ರೇಕಕ್ಕ ಎರಡು ಸಿಗ್ನಲ್ ದಾಟಿದಳು. ಆ ಮಾತನ್ನು ಎಲ್ಲಿಂದ ಎತ್ತಿ ತರಬೇಕೆಂದೇ ತಿಳಿಯಲಿಲ್ಲ. ಮೂರನೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಇತ್ತು.

"ಹೋಗಬೇಡಿ" ಎಂದಳು. ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲೇ ಬಂತು.

"ಸರಿ" ಎಂದರು ಅತ್ತೆ.

ಮಗ ಫೋನ್ ಮಾಡಿದಾಗ ಬರುವುದಿಲ್ಲ ಎಂದು ಹೇಳಿದರು. ಮಾರನೆಯ ವರ್ಷ ಒಂದು ವಾರಕ್ಕೆಂದು ಅವನ ಮನೆಗೆ ಹೋದವರು ನಾಲ್ಕನೆಯ ದಿನಕ್ಕೆ ಬಂದುಬಿಟ್ಟರು. ಕೇಳಿದವರಿಗೆಲ್ಲ ಬಿಸಿಲು ಜಾಸ್ತಿ ಎಂದರು. ಹಲ್ಲಿನ ಡಾಕ್ಟರ ಹೆಂಡತಿ ಕಾರಿನಲ್ಲಿ ಕೂರಲು ಒಪ್ಪಿದರಂತೆ. ಡಾಕ್ಟರು ತಮ್ಮ ಗೆಳೆಯರನ್ನು ಕಳಿಸಿದರು, ಆ ಗೆಳೆಯರು ಇನ್ನಿಬ್ಬರನ್ನು. ಎರಡು ವರ್ಷದಲ್ಲಿ ಅತ್ತೆ ಒಂಬತ್ತು ಕಾರುಗಳ ಚಕ್ರ ನೋಡಿದರು.

ವಿಚ್ಛೇದನದ ಕಾಗದ ಬಂದದ್ದು ಒಂದು ಗುರುವಾರ. ಬ್ರೇಕಕ್ಕ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದಿದಳು. ಅರ್ಥವಾಗದ ಕಡೆ ಅತ್ತೆ ಗಟ್ಟಿಯಾಗಿ ಓದಿ ಹೇಳಿದರು. ಮೂರು ಕಡೆ ಸಹಿ ಹಾಕಬೇಕಿತ್ತು. ಹಾಕಿದಳು.

"ಏನಾದ್ರೂ ಅನ್ನಿಸ್ತೇನೇ?" ಎಂದು ಕೇಳಿದರು ಅತ್ತೆ.

ಅವಳು ಯೋಚಿಸಿದಳು. ಸುಳ್ಳು ಹೇಳಬಹುದಿತ್ತು.

"ಇನ್ನೂ ಇಲ್ಲ ಅತ್ತೆ."

"ಹೋಗ್ಲಿ ಬಿಡು. ತಟ್ಟೆ ಹಾಕು, ಊಟ ಮಾಡೋಣ."