ತುಂಬಿದ ಹಡಗೋ, ಖಾಲಿ ಹಡಗೋ

ಹಡಗಿನ ಕ್ಯಾಪ್ಟನ್ ಕಳ್ಳರ ಜೊತೆ ಸೇರಿಕೊಂಡಿದ್ದಾನೆ ಎಂದು ಮೊದಲು ಹೇಳಿದವನು ನಾನೇ. ಹೇಳಿದ್ದು ಮುಧೋಳದಿಂದ ಮಹಾಲಿಂಗಪುರಕ್ಕೆ ಹೋಗುವ ರಸ್ತೆಯ ಒಂದು ಚಹಾದಂಗಡಿಯಲ್ಲಿ, ಭಾನುವಾರ ಮುಂಜಾನೆ, ಗೋಡೆಗೆ ಎತ್ತರದಲ್ಲಿ ಕೂರಿಸಿದ್ದ ಟಿವಿಯ ಕೆಳಗೆ ನಿಂತು.

ಧಾರಾವಾಹಿ ಹಿಂದಿಗೆ ಡಬ್ ಆಗಿ ಬರುತ್ತಿತ್ತು. ನೀರಿಲ್ಲದ ಗ್ರಹಗಳಿಗೆ ದೊಡ್ಡ ಹಡಗುಗಳು ಆಕಾಶದಲ್ಲಿ ಮಂಜುಗಡ್ಡೆ ಸಾಗಿಸುತ್ತವೆ. ಒಡೆದ ಚಂದ್ರನೊಂದರ ಹತ್ತಿರ ಕಡಲುಗಳ್ಳರು ಬಂದು ಬೀಳುತ್ತಾರೆ. ಅವರಿಗೆ ಕಡಲೇ ಇರಲಿಲ್ಲ, ಆದರೂ ನಾವು ಹಾಗೇ ಕರೆಯುತ್ತಿದ್ದೆವು. ಆ ಅಂಗಡಿಯಲ್ಲಿ ಇದರ ಹುಚ್ಚು ಹಿಡಿದವರು ಎಂಟು ಹತ್ತು ಮಂದಿ ಇದ್ದೆವು. ಅವರಲ್ಲಿ ನನ್ನ ಗೆಳೆಯನೂ ಒಬ್ಬ. ಇಬ್ಬರೂ ಜಮಖಂಡಿಯ ಕಾಲೇಜಿನಲ್ಲಿ ಒಂದೇ ಬೆಂಚು, ಒಂದೇ ಬಸ್ಸು. ಅವನ ಅಪ್ಪ ಊರಿನ ಸಾವುಕಾರರೊಬ್ಬರ ಟ್ರ್ಯಾಕ್ಟರಿನಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಿದ್ದರು.

ಚರ್ಚಾಸ್ಪರ್ಧೆಗೆಂದು ನನ್ನನ್ನು ತಯಾರು ಮಾಡಿದ ಮೇಷ್ಟ್ರು ಎರಡು ವಿದ್ಯೆ ಕಲಿಸಿದ್ದರು. ಎದುರಾಳಿಯ ಉದಾಹರಣೆಯನ್ನೇ ಕಸಿದುಕೊಂಡು ಅವನಿಗೇ ಹೊಡೆಯುವುದು. ಪರ, ವಿರೋಧ ಯಾವ ಚೀಟಿ ಬಂದರೂ ಅದೇ ಉಸಿರಿನಲ್ಲಿ ಮಾತಾಡುವುದು. ಎರಡರಲ್ಲೂ ನಾನು ಪಳಗಿದ್ದೆ. ಮನೆಯಲ್ಲಿ ಗೆದ್ದು ತಂದ ಒಂದೆರಡು ಢಾಲುಗಳೂ ಇದ್ದವು.

ಆ ಭಾನುವಾರ ಗೆಳೆಯ ಕ್ಯಾಪ್ಟನ್ನನ ಪರ ನಿಂತ. ನಾನು ಬೆರಳು ಮಡಚಲು ಶುರು ಮಾಡಿದೆ.

"ಆಕಾಶ ಎಷ್ಟು ದೊಡ್ಡದೈತಿ. ಅದರಾಗ ಒಂದು ಹಡಗು ಇಂಥಲ್ಲೇ ಬರ್ತೈತಿ ಅಂತ ಕಳ್ಳರಿಗೆ ಹೆಂಗ ಗೊತ್ತಾತು? ಪ್ರತಿ ಸಲ ಅದ ಚಂದ್ರನ ಹತ್ತರನ ಯಾಕ? ಅವರು ಬಂದು ಕೈ ಹಾಕಿದರೂ ಇಂವ ಹಡಗು ನಿಲ್ಲಸೂದಿಲ್ಲ, ತಿರುಗಿ ನೋಡೂದಿಲ್ಲ. ಮತ್ತ ಅಲ್ಲಿಗೆ ಬರೂಕಿಂತ ಮದಲ ದೀಪ ಹಚ್ತಾನ. ಯಾರಿಗೆ ಹಚ್ತಾನಲೇ?"

"ಡಿಕ್ಕಿ ಆಗಬಾರದಂತ ಹಚ್ತಾನ," ಎಂದ ಗೆಳೆಯ. "ನಿನಗ ದೀಪ ಕಂಡ್ರೂ ಕಳ್ಳ ಕಾಣ್ತಾನ."

ಅವನ ಅಪ್ಪ ಬಾಗಿಲಲ್ಲಿ ನಿಂತು ಬಸಿಯಲ್ಲಿ ಚಹಾ ಆರಿಸುತ್ತಿದ್ದರು. ಧಾರಾವಾಹಿಯನ್ನು ಅವರು ಅರ್ಧಂಬರ್ಧ ನೋಡುತ್ತಿದ್ದರು. "ತಮ್ಮಾ," ಅಂದರು, "ಕಳ್ಳರು ಬರೂ ಹೊತ್ತಿನ್ಯಾಗ ಹಡಗ ತುಂಬಿರತೈತೋ, ಖಾಲಿ ಇರತೈತೋ?"

ಅಂಗಡಿಯೇ ನಕ್ಕಿತು. ನಗುವನ್ನು ಬಿಟ್ಟುಕೊಡುವ ಅಭ್ಯಾಸ ನನಗಿರಲಿಲ್ಲ. "ಕಾಕಾ, ಅದು ಹಡಗರಿ, ಕಬ್ಬಿನ ಡಬ್ಬಿ ಅಲ್ಲ," ಅಂದೆ. "ಆದ್ರ ಒಂದು ಖರೆ. ಅಂವ ದೀಪ ಹಚ್ತಾನ, ನೀವು ಟೇಪ್ ಹಚ್ತೀರಿ. ದಿನ್ನಿ ಹುಡುಗೂರು ಹಾಡು ಕೇಳೇ ಓಡಿ ಬರ್ತಾವು."

ಡಬ್ಬಿಯೆಂದರೆ ನಮ್ಮ ಕಡೆ ಟ್ರೇಲರ್. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡೆರಡು ಡಬ್ಬಿ ಕಟ್ಟಿ, ಕಬ್ಬನ್ನು ಆಕಾಶಕ್ಕೆ ಒಟ್ಟಿ, ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಫ್ಯಾಕ್ಟರಿಗೆ ಹೋಗುತ್ತಾರೆ. ಆ ರಸ್ತೆಯ ದಿನ್ನೆ ಏರುವಾಗ ಗಾಡಿ ಮನುಷ್ಯರ ನಡಿಗೆಗೆ ಇಳಿಯುತ್ತದೆ. ಆಗ ಮಕ್ಕಳು ಹಿಂದಿನಿಂದ ಕಬ್ಬು ಹಿರಿದುಕೊಳ್ಳುತ್ತಾರೆ. ಈ ಸೀಮೆಯಲ್ಲಿ ಹಾಗೆ ಹಿರಿದ ಕಬ್ಬು ತಿನ್ನದೆ ಬೆಳೆದವರು ಕಡಿಮೆ. ನಾನೂ ತಿಂದಿದ್ದೇನೆ.

ಎಲ್ಲರೂ ಮತ್ತೆ ನಕ್ಕರು. ಕಾಕಾ ಕೂಡ ಬಸಿಯ ಮೇಲಿಂದ ಸ್ವಲ್ಪ ನಕ್ಕರು. ಒಳಗಿನ ಬೆಂಚಿನಲ್ಲಿ ಪೇಪರ್ ಓದುತ್ತ ಕೂತಿದ್ದ ಒಬ್ಬರು ಮಾತ್ರ ನಗಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಬಗಲಲ್ಲಿಟ್ಟುಕೊಂಡು ಹೊರಟುಹೋದರು. ಟ್ರ್ಯಾಕ್ಟರಿನ ಸಾವುಕಾರರು ಅವರೇ.

ಬುಧವಾರ ಗೆಳೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಕಾಲೇಜಿನ ಗೇಟಿನಲ್ಲಿ ನಾನೇ ಅಡ್ಡ ಹಾಕಿದೆ.

"ನಿನ್ನ ಮಾತು ನಮ್ಮಪ್ಪಗ ಹತ್ತೇತಿ," ಅಂದ. "ದಿನಾ ಅದ ದಿನ್ನಿಯೊಳಗ ಕಳವಾಗತೈತಿ ಕಬ್ಬು, ದಿನಾ ನೀ ನಿಲ್ಲಸೂದಿಲ್ಲ, ಮತ್ತ ಟೇಪ್ ಬ್ಯಾರೇ ಹಚ್ತಿ ಅಂದಾರ ಸಾವುಕಾರ್ರು. ನಿನ್ನ ಮೂರೂ ಪಾಯಿಂಟು, ಒಂದೂ ಬಿಟ್ಟಿಲ್ಲ. ನಾಳೆ ತಾವ ಗಾಡಿ ಹತ್ತತಾರಂತ. ಅಪ್ಪ ದಿನ್ನಿ ಮ್ಯಾಲ ನಿಲ್ಲಿಸಿ ಕಳ್ಳರನ್ನ ಹಿಡಿದ ತೋರಸಬೇಕು. ಇಲ್ಲಂದ್ರ ಕೀಲಿ ಕೊಟ್ಟು ಮನಿಗೆ ಹೋಗಬೇಕು."

"ನಿಲ್ಲಸ್ಲಿ ಮತ್ತ. ಅದರಾಗೇನೈತಿ?"

ಅವನು ನನ್ನನ್ನು ಒಂದು ಥರ ನೋಡಿದ. "ನೀ ಎಂದರ ಕಬ್ಬಿನ ಗಾಡಿ ಹತ್ತಿಯೇನ?"

ಹತ್ತಿರಲಿಲ್ಲ. ಅವನೇ ಹೇಳಿದ. ಡಬ್ಬಿಗಳಿಗೆ ಬ್ರೇಕಿಲ್ಲ. ತುಂಬಿದ ಎರಡು ಡಬ್ಬಿಯನ್ನು ಏರಿನಲ್ಲಿ ನಿಲ್ಲಿಸಿದರೆ ಅವು ಟ್ರ್ಯಾಕ್ಟರನ್ನೇ ಹಿಂದಕ್ಕೆ ಎಳೆಯುತ್ತವೆ. ಮತ್ತೆ ಎತ್ತಲು ಹೋದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಡುತ್ತವೆ. ಸಾವುಕಾರರಿಗೆ ಹೊಲ ಗೊತ್ತು, ಫ್ಯಾಕ್ಟರಿ ಗೊತ್ತು, ಸ್ಟೇರಿಂಗ್ ಗೊತ್ತಿಲ್ಲ. ಹತ್ತು ವರ್ಷದಿಂದ ಕೂತ ಸೀಟನ್ನು ಅಪ್ಪ ಬಿಡಬೇಕು, ಇಲ್ಲವೇ ಆ ಏರಿನಲ್ಲಿ ಕ್ಲಚ್ ಒತ್ತಬೇಕು.

ಅವತ್ತೇ ಸಂಜೆ ಸಾವುಕಾರರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಿಂತೇ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ಒಂದೇ ಜಾಗದಲ್ಲಿ ಕಳುವಾದರೆ ಅದು ಜಾಗದ ಗುಣ, ಚಾಲಕನ ಗುಣ ಅಲ್ಲ. ನಿಲ್ಲಿಸದಿರುವುದು ಭಾರದ ಕಾರಣಕ್ಕೆ. ಟೇಪು ಎಲ್ಲ ಟ್ರ್ಯಾಕ್ಟರಿನಲ್ಲೂ ಇದೆ. ಮೂರು ಪಾಯಿಂಟಿಗೂ ಉತ್ತರ ಕೊಟ್ಟೆ.

ಅವರು ಪೂರ್ತಿ ಕೇಳಿದರು. "ಐತವಾರ ಒಂದು ಹೇಳಿದಿ, ಇವತ್ತೊಂದು ಹೇಳಾಕತ್ತಿ. ಯಾವುದು ಸುಳ್ಳಪಾ?"

"ಐತವಾರದ್ದು ಬರೇ ವಾದರಿ."

"ಮತ್ತ ಇದು?"

ಅವರು ಎಣ್ಣೆಯ ಬಟ್ಟಲು ಮುಚ್ಚಿದರು. "ಅವತ್ತಿಂದು ನನಗ ಖರೆ ಅನಿಸಿತು. ಇವತ್ತಿಂದು ನಿನ್ನ ಗೆಳ್ಯಾ ಹೇಳಿ ಕಳಸ್ಯಾನ. ನಾಳೆ ಕಣ್ಣಿಲೆ ನೋಡ್ತೀನಿ, ನಡಿ."

ಮರುದಿನ ಶಾಲೆ ಬಿಡುವ ಹೊತ್ತಿಗೆ ಗಾಡಿ ದಿನ್ನೆಯ ಬುಡಕ್ಕೆ ಬಂತು. ಸಾವುಕಾರರು ಕಾಕಾನ ಪಕ್ಕ ಮಡ್‌ಗಾರ್ಡಿನ ಮೇಲೆ ಕೂತಿದ್ದರು. ನಾನೂ ಗೆಳೆಯನೂ ಅಲ್ಲೇ ಕಾಯುತ್ತಿದ್ದೆವು. ಕಾಕಾ ಕೆಳಗಿಳಿದು ನಮ್ಮಿಬ್ಬರ ಕೈಗೂ ಒಂದೊಂದು ದಪ್ಪ ಕಲ್ಲು ಕೊಟ್ಟರು. "ಹಿಂದಿನ ಡಬ್ಬಿ ಎರಡೂ ಬಾಜೂಕ ನಡೀರಿ. ಗಾಲಿ ಹಿಂದ ಸರಿದರ ಕಲ್ಲ ಇಟ್ಟು ಕೈ ತಗೀರಿ. ಕೈ ಮದಲ ತಗೀರಿ." ನನ್ನ ಮುಖ ನೋಡಲಿಲ್ಲ.

"ಟೇಪ್ ಬಂದ್ ಮಾಡು," ಎಂದರು ಸಾವುಕಾರರು.

ಹಾಡು ನಿಂತಿತು. ಗಾಡಿ ಏರು ಹಿಡಿಯಿತು. ಎಂಜಿನ್ನು ನರಳುವ ಸದ್ದು ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಅರ್ಧ ಏರಿಗೆ ಪೊದೆಯ ಹಿಂದಿನಿಂದ ಮಕ್ಕಳು ಬಂದವು, ಪಾಟೀಚೀಲ ಹೆಗಲಲ್ಲೇ ಇದ್ದವು. ಆರೋ ಏಳೋ. ಹಾಡು ಅವುಗಳಿಗೆ ಬೇಕಿರಲಿಲ್ಲ, ಎಂಜಿನ್ನಿನ ಏದುಸಿರೇ ಸಾಕಿತ್ತು. ಒಂದು ಪಾಯಿಂಟು ಬಿತ್ತು ಎಂದು ನನ್ನ ತಲೆ ಆ ಹೊತ್ತಿನಲ್ಲೂ ಲೆಕ್ಕ ಹಾಕಿತು.

"ಬಂದ್ರು ನೋಡು. ನಿಲ್ಸು," ಸಾವುಕಾರರ ದನಿ.

"ಹಿಂದ ಹುಡುಗೂರ ಅದಾವ್ರಿ."

"ಅದಕ್ಕ ನಿಲ್ಸ ಅನ್ನಾಕತ್ತೇನಿ."

"ಆಗೂದಿಲ್ಲರಿ."

"ನಿಲ್ಲಸ್ತಿಯೋ, ಇಳೀತಿಯೋ?"

ಹಸಿರು ಲಂಗದ ಹುಡುಗಿಯೊಬ್ಬಳು ನನಗೂ ಗಾಲಿಗೂ ನಡುವೆ ಬಂದು ಗಟ್ಟಿ ಕಬ್ಬೊಂದನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಳು. ಕಬ್ಬು ಸಿಕ್ಕಿಹಾಕಿಕೊಂಡಿತ್ತು, ಅವಳು ಬಿಡುತ್ತಿರಲಿಲ್ಲ. ಆಗ ಎಂಜಿನ್ನಿನ ಸದ್ದು ಬದಲಾಯಿತು. ಕಾಕಾ ಒಂದು ಕ್ಷಣ ಕ್ಲಚ್ ಒತ್ತಿದ್ದರು. ಕೊಂಡಿಗಳು ಒಂದರ ಹಿಂದೊಂದು ಕಟಕಟ ಎಂದವು. ನನ್ನ ಮುಂದಿನ ಗಾಲಿ ನಿಂತಿತು, ಆಮೇಲೆ ಹಿಂದಕ್ಕೆ ಹೊರಳಿತು. "ದಯವಿಟ್ಟು ಎಲ್ಲರೂ ದೂರ ಸರಿಯಿರಿ," ಎಂದು ನಾನು ಕೂಗಿದೆ. ವೇದಿಕೆಯ ಮೇಲಿನ ಪೂರ್ಣ ವಾಕ್ಯ. ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕಲ್ಲನ್ನು ಎಸೆದು ಅವಳ ಪಾಟೀಚೀಲ ಹಿಡಿದು ಜಗ್ಗಿದೆ. ಇಬ್ಬರೂ ಮಣ್ಣಿನಲ್ಲಿ ಬಿದ್ದೆವು. ಆ ಬಾಜುವಿನಲ್ಲಿ ಗೆಳೆಯನ ಕಲ್ಲಿನ ಮೇಲೆ ಗಾಲಿ ಕೂತ ಸದ್ದು ಕೇಳಿತು. ಡಬ್ಬಿ ಗಕ್ಕನೆ ತಡೆಯಿತು. ಮುಂದೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತ್ತು, ಮುಂದಿನ ಗಾಲಿಗಳು ಗಾಳಿಯಲ್ಲಿದ್ದವು. ಸಾವುಕಾರರು ಎರಡೂ ಕೈಯಲ್ಲಿ ಸೀಟಿನ ಬೆನ್ನು ಹಿಡಿದಿದ್ದರು. ಕಾಕಾ ಎದೆಯನ್ನು ಸ್ಟೇರಿಂಗಿಗೆ ಒತ್ತಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತ ಬಂದರು. ಮೂತಿ ಕೆಳಗಿಳಿಯಿತು. ಗಾಡಿ ಒಂದು ಗೇಣು ಮುಂದೆ ಹೋಯಿತು, ಇನ್ನೊಂದು ಗೇಣು ಹೋಯಿತು. ಮಕ್ಕಳೆಲ್ಲ ಪೊದೆ ಸೇರಿದ್ದವು.

ದಿನ್ನೆಯ ತಲೆಯಲ್ಲಿ, ಸಪಾಟಾದ ಕಡೆ, ಗಾಡಿ ನಿಂತಿತು. ನಾವು ಓಡಿ ತಲುಪುವ ಹೊತ್ತಿಗೆ ಕಾಕಾ ಕೆಳಗಿಳಿದು ಕೀಲಿ ಚಾಚಿದ್ದರು.

"ಇನ್ನೊಮ್ಮೆ ನಿಲ್ಲಸೂದಿಲ್ಲರಿ. ನಿಲ್ಲಸಾವ್ರು ಯಾರರ ಸಿಕ್ಕರ ಅವರಿಗೆ ಕೊಡ್ರಿ."

ಸಾವುಕಾರರು ಕೀಲಿ ನೋಡಿದರು. ಇಳಿಯಲು ಕಾಲು ಕೆಳಗೆ ಬಿಟ್ಟವರು ನೆಲ ಸಿಗುವ ತನಕ ಬಹಳ ಹೊತ್ತು ಹುಡುಕಿದರು. ಹಿಂದಿನ ಡಬ್ಬಿಯವರೆಗೆ ನಡೆದು ಹೋಗಿ, ಇಳಿಜಾರನ್ನು ನೋಡಿ, ವಾಪಸು ಬಂದರು.

"ಫ್ಯಾಕ್ಟರಿ ಮುಂದ ಗಾಡಿ ಪಾಳಿ ಬೆಳೀತೈತಿ, ಹೋಗು," ಅಂದರು. ತಾವು ಹತ್ತಲಿಲ್ಲ. ಮುಧೋಳದ ಕಡೆ ನಡೆದುಕೊಂಡು ಹೊರಟರು. ಕಾಕಾ ಕೀಲಿ ಹಾಕಿ ತಿರುವಿದರು, ಟೇಪು ಹಚ್ಚಲಿಲ್ಲ.

ನನ್ನ ಮೊಣಕೈ ಸುಲಿದಿತ್ತು. ಗೆಳೆಯ ಅದನ್ನು ನೋಡಿ, "ಕಲ್ಲ ಎಲ್ಲಿ ಒಗದಿ?" ಅಂದ.

"ಹುಡುಗಿ ನಡುವ ಬಂತು."

"ಅದನ್ನರ ಖರೆ ಹೇಳಾಕತ್ತಿಯಲ್ಲ," ಎಂದು ಮುಂದೆ ನಡೆದ.

ಮುಂದಿನ ಭಾನುವಾರ ಅಂಗಡಿಗೆ ಹೋಗಲು ಮನಸ್ಸಿರಲಿಲ್ಲ, ಆದರೂ ಹೋದೆ. ಕಳ್ಳರು ಮತ್ತೆ ಬಂದರು. ಜನ ಕಿರುಚುವಾಗ ನಾನು ಹಡಗಿನ ಹೊಟ್ಟೆ ನೋಡುತ್ತಿದ್ದೆ. ಒಂದು ದೃಶ್ಯದಲ್ಲಿ ಬಾಗಿಲು ಮುರಿದು ಒಳಗೆ ತೋರಿಸಿದರು. ಸೂರಿನವರೆಗೂ ಮಂಜುಗಡ್ಡೆ. ವಾಪಸು ಹೋಗುವಾಗ ಅದೇ ಚಂದ್ರನ ಹತ್ತಿರ, ಅದೇ ಕ್ಯಾಪ್ಟನ್, ಖಾಲಿ ಹಡಗನ್ನು ಗರ್ರನೆ ತಿರುಗಿಸಿ ಕಳ್ಳರ ಬೆನ್ನು ಹತ್ತಿದ. ಎಷ್ಟು ವಾರದಿಂದ ಅದು ಹಾಗೇ ಇತ್ತೋ. ನಾನು ನೋಡಿರಲಿಲ್ಲ.

ಬಾಗಿಲಲ್ಲಿ ಕಾಕಾ ಬಸಿ ಹಿಡಿದು ನಿಂತಿದ್ದರು. ಒಳಗಿನ ಬೆಂಚಿನಲ್ಲಿ ಸಾವುಕಾರರು ಪೇಪರ್ ಓದುತ್ತಿದ್ದರು. ಅವರಿಬ್ಬರ ನಡುವೆ ಅಷ್ಟೂ ಮಂದಿಯ ಎದುರಿಗೆ ನಾನು ಎದ್ದು ನಿಂತೆ. ಯಾವ ಬೆರಳನ್ನೂ ಮಡಚಲಿಲ್ಲ.

"ಕಾಕಾ, ಅವತ್ತು ನೀವು ಕೇಳಿದ್ರಿ. ಹಡಗ ತುಂಬಿತ್ತರಿ."

ಕಾಕಾ ಬಸಿಯ ಚಹಾ ಹೀರಿ ಮುಗಿಸಿದರು. "ಹಂಗಾರ ಅವಂದೇನೂ ತಪ್ಪಿಲ್ಲ ಬಿಡು ತಮ್ಮಾ," ಅಂದರು.

ಒಳಗಿನ ಪೇಪರ್ ಅಲುಗಲಿಲ್ಲ. ಗೆಳೆಯ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಕೂತೆ.