ಉಪ್ಪು ಕೇಳಿದ ದನಿ

೧೯೮೯ರಲ್ಲಿ, ಏಳನೆಯ ಇಯತ್ತೆಗೆ, ನಾನು ಸಾಲಿ ಬಿಟ್ಟೆ. ಸಾಲಿಗೆ ಅದರಿಂದ ನಷ್ಟವೇನೂ ಆದಂತೆ ಕಾಣಲಿಲ್ಲ. ಮರುದಿನವೂ ಗಂಟೆ ಹೊಡೆದರು. ಅಂದಿನಿಂದ ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದೇನೆ, ಯಾರ ಮುಂದೂ ಕೈ ಚಾಚಿಲ್ಲ. ಕಾಲೇಜು ಹುಡುಗರು ಕೆಲವೇ ವಾರ ಪರದೇಶದಲ್ಲಿ ಓದಿ ಬರುವುದರ ಲಾಭದ ಬಗ್ಗೆ ಇಂಥವನು ಬರೆಯುವುದು ಅಧಿಕಪ್ರಸಂಗ ಎನ್ನಿಸಬಹುದು. ಆದರೆ ಲಾಭ ಆದದ್ದು ನನಗೆ.

ಮಗಳು ಜಮಖಂಡಿಯಲ್ಲಿ ಪದವಿ ಓದುತ್ತಾಳೆ. ಕಾಲೇಜಿನವರು ಅವಳನ್ನು ನಾಲ್ಕು ವಾರ ಜರ್ಮನಿಗೆ ಕಳಿಸುವ ಸುದ್ದಿ ನನಗೆ ಬಂದದ್ದು ಹೆಂಡತಿಯ ಬಾಯಿಂದ. ಮಗಳ ಸುದ್ದಿಯೆಲ್ಲ ಹಾಗೇ ಬರುತ್ತಿತ್ತು. ಚಪ್ಪಲಿ ಬೇಕಾದರೂ ಅವ್ವನ ಕೈಲಿ ಹೇಳಿಸುತ್ತಿದ್ದಳು. ಅದನ್ನು ಮರ್ಯಾದೆ ಎಂದುಕೊಂಡು ಮುಧೋಳದ ನೆಂಟರ ಮುಂದೆ ಹೇಳಿಕೊಂಡದ್ದೂ ಉಂಟು. ಈಗ ಮಾತ್ರ ಅಂಜಿಕೆ ಆಯಿತು: ಪರದೇಶ ನೋಡಿ ಬಂದು ಈ ಮರ್ಯಾದೆ ಇನ್ನೂ ಹೆಚ್ಚಾದರೆ ಇರುವ ನಾಲ್ಕು ಮಾತೂ ನಿಂತಾವು.

"ನಾಕ ವಾರದಾಗ ನಮ್ಮ ಆಳು ಹರದ ಎಳಿ ಗಂಟ ಹಾಕೂದ ಕಲ್ಯಂಗಿಲ್ಲ, ಈಕಿ ಏನ ಕಲೀತಾಳ?" ಎಂದೆ.

"ಅದನ್ನ ಆಕಿನ್ನ ಕೇಳ್ರಿ," ಎಂದಳು ಹೆಂಡತಿ.

ಮಗಳನ್ನು ನೇರವಾಗಿ ಕೇಳುವ ರೂಢಿ ನನಗೂ ಇರಲಿಲ್ಲ. ಹೂಂ ಎಂದುಬಿಟ್ಟೆ.

ನಮ್ಮೂರ ದನಿಯ ವಿಷಯ ಇಲ್ಲಿ ಹೇಳಬೇಕು. ನಮ್ಮಲ್ಲಿ ಊಟ, ಲಗ್ನದ ಮಾತುಕತೆ, ಪರೀಕ್ಷೆಯ ಓದು ಎಲ್ಲವೂ ಪವರ್‌ಲೂಮಿನ ಪಕ್ಕದಲ್ಲೇ. ಆ ಸದ್ದನ್ನು ದಾಟಿಸಿ ಮಾತಾಡಿ ಮಾತಾಡಿ, ಮಗ್ಗ ನಿಂತರೂ ದನಿ ಇಳಿಯುವುದಿಲ್ಲ. ಸಾವಳಗಿ ಬಸ್ಸಿನಲ್ಲಿ ಇಬ್ಬರು ನೇಕಾರರು ಮಳೆಯ ಮಾತಾಡಿದರೆ ಕಂಡಕ್ಟರು ಜಗಳ ಬಿಡಿಸಲು ಬರುತ್ತಾನೆ.

ಮರಳಿ ಬಂದ ದಿನ ಮಗಳು ಅಡಿಗೆಮನೆಗೆ ಹೋಗದೆ ನೇರ ಮಗ್ಗದ ಹತ್ತಿರ ಬಂದಳು. ನಾನೊಬ್ಬನೇ ಮುಟ್ಟುವ ಸ್ವಿಚ್ಚನ್ನು ಆರಿಸಿದಳು. ಜರ್ಮನಿಯಲ್ಲಿ ಅವಳಿದ್ದ ಮನೆಯ ಅಜ್ಜಿ, ಮೂರನೆಯ ದಿನ, ತನ್ನಿಂದ ಏನು ತಪ್ಪಾಯಿತೆಂದು ಹೀಗೆ ಸಿಟ್ಟು ಮಾಡುತ್ತೀ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳಂತೆ.

"ನಾ ಉಪ್ಪ ಕೇಳಿದ್ದೆ ಅಷ್ಟರಿ, ಅಪ್ಪಾ," ಎಂದಳು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ. "ನೀವು ಯಾವಾಗಲೂ ಸಿಟ್ಟಿನ್ಯಾಗ ಇರ್ತೀರಿ ಅಂತ ಸಣ್ಣಾಕಿ ಇದ್ದಾಗಿಂದ ಅಂಜಿಕೋತ ಬಂದೇನ್ರಿ."

ಹರಿದಿದ್ದ ಒಂದು ಎಳೆಗೆ ಗಂಟು ಹಾಕಿದೆ.

"ನಾನೂ ಉಪ್ಪ ಕೇಳಿದ್ದೆ ಯವ್ವಾ," ಎಂದೆ.

ಮಗ್ಗ ನಿಂತಿತ್ತು, ನನ್ನ ದನಿ ಇಳಿದಿರಲಿಲ್ಲ. ಪಕ್ಕದ ಮನೆಯವರು ಉಪ್ಪು ತಂದುಕೊಟ್ಟರು.

ಈಗ ನನ್ನ ಬಳಿ ಇರುವುದಿಷ್ಟು: ಆರು ಮಗ್ಗ, ಒಂದು ಮನೆ, ಒಬ್ಬ ಹೆಂಡತಿ, ಚಪ್ಪಲಿ ಬೇಕಾದರೆ ನನ್ನನ್ನೇ ಕೇಳುವ ಒಬ್ಬ ಮಗಳು.